ದರ್ಜಿಯ ಕೈಗೆ ಸಿಕ್ಕ ‘ನೊಣ’ ಕಟ್ಟುವ ಕಿಟ್

ನಾನು ಮೈಸೂರಿನ ಮಂಡಿ ಮೊಹಲ್ಲಾದಲ್ಲಿ 31 ವರ್ಷದಿಂದ ಬ್ಲೌಸು, ಪ್ಯಾಂಟು ಹೊಲಿಯುವವನು. ಮೀನು ಹಿಡಿಯುವವನಲ್ಲ. ಈ ಕಿಟ್ ನನ್ನ ಕೈಗೆ ಬಂದದ್ದು ಅಕ್ಕನ ಮಗನಿಂದ. ಅವನಿರೋದು ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ. ರಜೆ ಬಂತೆಂದರೆ ಡೆಶೂಟ್ಸ್ ಅನ್ನೋ ನದಿಯಲ್ಲಿ ಸೊಂಟದ ನೀರಿಗಿಳಿದು ಸ್ಟೀಲ್‌ಹೆಡ್ ಮೀನಿಗೆ ಕಾಯ್ತಾನೆ. ಮೇ ತಿಂಗಳಲ್ಲಿ ಊರಿಗೆ ಬಂದಾಗ ಆನ್‌ಲೈನ್‌ನಲ್ಲಿ 3,200 ರೂಪಾಯಿಯ ಫ್ಲೈ ಕಟ್ಟುವ ಕಿಟ್ ತರಿಸಿ, ‘ಮಾವ, ದಾರದ ಕೆಲಸ ನಿನಗಿಂತ ಯಾರಿಗೆ ಗೊತ್ತು’ ಅಂತ ಕಟಿಂಗ್ ಟೇಬಲ್ ಮೇಲಿಟ್ಟ. ಅವರಮ್ಮ ಅದನ್ನ ‘ನೊಣದ ಡಬ್ಬಿ’ ಅಂತಾಳೆ. ನಮಗೂ ಅದೇ ಹೆಸರು ಕೂತುಬಿಟ್ಟಿದೆ.

ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮ ಕಡೆ ಗಾಳಕ್ಕೆ ಎರೆಹುಳ, ಇಲ್ಲಾಂದ್ರೆ ರಾಗಿ ಮುದ್ದೆ. ಕಾವೇರಿಯ ಬಿಳಿಮೀನಿಗೆ ರಾಗಿ ಉಂಡೆ ಅಂದ್ರೆ ಪ್ರಾಣ ಅಂತ ಕೇಳಿಕೊಂಡೇ ಬೆಳೆದವರು ನಾವು. ಅವರದ್ದು ಬೇರೆ ಕಥೆ: ಕೊಕ್ಕೆಗೆ ಗರಿ, ಉಣ್ಣೆ, ದಾರ ಸುತ್ತಿ ಹುಳುವಿನ ವೇಷ ಹಾಕ್ತಾರೆ. ಅದೇ ಫ್ಲೈ, ನಮ್ಮ ಬಾಯಲ್ಲಿ ನೊಣ. ಅದಕ್ಕೆ ತೂಕವೇ ಇರಲ್ಲ, ಎಸೆಯುವಾಗ ಗಾಳದ ದಪ್ಪ ದಾರದ ಭಾರವೇ ಅದನ್ನ ಹೊತ್ತುಕೊಂಡು ಹೋಗಬೇಕು. ಇನ್ನು ಸ್ಟೀಲ್‌ಹೆಡ್ ಅಂದ್ರೆ ರೈನ್‌ಬೋ ಟ್ರೌಟೇ. ಹೊಳೆಯಲ್ಲಿ ಹುಟ್ಟಿ, ಸಮುದ್ರಕ್ಕೆ ಹೋಗಿ ಮೈ ಬೆಳೆಸಿಕೊಂಡು, ಮೊಟ್ಟೆ ಇಡೋಕೆ ಹುಟ್ಟಿದ ಹೊಳೆಗೇ ವಾಪಸ್ ಬರೋ ಜಾತಿ. ಬಂದಮೇಲೆ ಸರಿಯಾಗಿ ತಿನ್ನೋದೂ ಇಲ್ವಂತೆ. ತಿನ್ನದ ಮೀನಿಗೆ ಊಟದ ಆಸೆ ತೋರಿಸೋದು ಹೇಗೆ ಅಂತ ಕೇಳಿದೆ. ‘ಆಸೆ ಅಲ್ಲ ಮಾವ, ಸಿಟ್ಟು ಬರಿಸಬೇಕು’ ಅಂದ.

ಈಗ ಕಿಟ್‌ಗೆ ಬರ್ತೀನಿ. ಕೊಕ್ಕೆ ಕಚ್ಚಿಹಿಡಿಯೋ ವೈಸ್, ಬಾಬಿನ್ ಹಿಡಿ, ಗಂಟು ಹಾಕೋ ಸಾಧನ, ಗರಿ ಹಿಡಿಯೋ ಚಿಮುಟ, ಕತ್ತರಿ, ಒಂದಿಷ್ಟು ಗರಿ ಉಣ್ಣೆ, ಅಂಟಿನ ಶೀಶೆ. ವೈಸ್‌ನ ಕ್ಲಾಂಪ್ ನನ್ನ ಒಂದೂವರೆ ಇಂಚು ಹಲಗೆಗೆ ಹಿಡೀಲಿಲ್ಲ, ಹೊಲಿಗೆ ಯಂತ್ರದ ಮರದ ಅಂಚಿಗೇ ಕಚ್ಚಿಸಿದೆ. 8ನೇ ನಂಬರಿನ ಕೊಕ್ಕೆ ಗಟ್ಟಿಯಾಗಿ ನಿಲ್ಲುತ್ತೆ. 14 ಹಾಕಿದ್ರೆ (ಇವರ ಲೆಕ್ಕದಲ್ಲಿ ನಂಬರ್ ಏರಿದಷ್ಟೂ ಕೊಕ್ಕೆ ಸಣ್ಣದು) ಎರಡು ಸುತ್ತಿಗೇ ತಲೆ ಬಾಗಿಸುತ್ತೆ. ದಪ್ಪ ನೊಣ ಮಾತ್ರ ಕಟ್ಟೋರಿಗೆ ಇಷ್ಟೇ ಸಾಕು.

ನನ್ನ ತಲೆ ಕೆಡಿಸಿದ್ದು ಬಾಬಿನ್ ಹಿಡಿ. ಎರಡು ತಂತಿ ಕಾಲಿನ ಮಧ್ಯೆ ದಾರದ ಉಂಡೆ, ಕೆಳಗೆ ಸಣ್ಣ ನಳಿಗೆ, ಅದರ ಬಾಯಿಂದ ದಾರ. ಬಿಗಿ ಎಳೆದಾಗಲೆಲ್ಲ ಪಟ್ ಅಂತ ಕಿತ್ತುಹೋಗೋದು. ಮೊದಲ ಸಂಜೆ ಏಳು ಸಲ. ದಾರ ಸವೆದದ್ದಲ್ಲ, ಕೊಯ್ದದ್ದು: ತುದಿ ನೋಡಿದ್ರೆ ದರ್ಜಿಗೆ ಗೊತ್ತಾಗುತ್ತೆ, ಸವೆದಿದ್ರೆ ಹಂಚಿಕಡ್ಡಿ ಥರ ಬಿಚ್ಚಿಕೊಳ್ಳುತ್ತೆ, ಕೊಯ್ದಿದ್ರೆ ನೀಟು. ನಳಿಗೆ ಬಾಯಿಗೆ ಉಗುರು ಸವರಿದೆ, ಒಂದು ಕಡೆ ತರಚಿತು. ದಪ್ಪ ದಾರಕ್ಕೆ ಪಾಲಿಶ್ ಹಚ್ಚಿ ನಳಿಗೆಯೊಳಗೆ ಹತ್ತು ನಿಮಿಷ ಆಚೆ ಈಚೆ ಎಳೆದಾಡಿದ ಮೇಲೆ ಸರಿಹೋಯ್ತು. ಆಮೇಲೆ ಒಂದು ಸಲವೂ ತುಂಡಾಗಿಲ್ಲ. ಆದ್ರೆ ಹೊಸ ಸಾಮಾನು ಕೊಂಡವನು ಯಾಕೆ ಮೊದಲು ರಿಪೇರಿ ಮಾಡಬೇಕು?

ಗಂಟು ಹಾಕೋ ಸಾಧನಕ್ಕೆ ಪೂರ್ತಿ ಅಂಕ. ಬಗ್ಗಿದ ತಂತಿ, ತುದಿಗೆ ಕೊಂಡಿ. ಮೂರು ಸಂಜೆ ವಿಡಿಯೋ ನೋಡಿದ್ರೂ ತಿಳೀಲಿಲ್ಲ. ನಾಲ್ಕನೇ ಸಂಜೆ ಕೋಟಿನ ಗುಂಡಿ ಹಾಕ್ತಾ ಕೂತಿದ್ದೆ. ಗುಂಡಿ ಕೆಳಗೆ ದಾರ ಸುತ್ತಿ ಕುತ್ತಿಗೆ ಕಟ್ಟಿ, ಬಾಲವನ್ನ ಆ ಸುತ್ತಿನ ಅಡಿಗೇ ತೂರಿಸ್ತೀವಲ್ಲ, ಇದೂ ಹೆಚ್ಚುಕಡಿಮೆ ಹಾಗೇ. ಐದಾರು ಸುತ್ತು ತನ್ನ ಬಾಲದ ಮೇಲೇ ಹಾಕಿ ಎಳೆದ್ರೆ ಗಂಟೇ ಕಾಣಲ್ಲ, ಬಿಚ್ಚೋದೂ ಇಲ್ಲ.

ಗರಿಗಳು ದಂಡ. ಕೆಂಪು ಬಣ್ಣದ ಹುಂಜದ ಗರಿ ನೀರಿಗೆ ಅದ್ದಿದ್ರೆ ಬೆರಳೆಲ್ಲ ಕುಂಕುಮ. ಎಳೆಗಳು ಮೆತ್ತಗೆ, ಅಂಟಂಟು. ನೀರಿನ ಮೇಲೆ ತೇಲೋ ನೊಣಕ್ಕೆ ಗರಿಯ ಎಳೆ ಬಿರುಸಾಗಿ ನಿಲ್ಲಬೇಕು. ದೇವರಾಜ ಮಾರುಕಟ್ಟೆ ಕಡೆಯ ಒಬ್ಬ ಕೋಳಿ ಅಂಗಡಿಯವನ ಹತ್ರ ನಾಟಿ ಹುಂಜದ ಕುತ್ತಿಗೆ ಗರಿ ಕೇಳಿದೆ, ನಕ್ಕು ಪುಕ್ಕಟೆ ಕೊಟ್ಟ. ಸೋಪಿನ ನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ ಸುತ್ತಿದೆ. ಕೊಕ್ಕೆ ಸುತ್ತ ಎಳೆಗಳು ಮುಳ್ಳಿನ ಹಾಗೆ ಎದ್ದು ನಿಂತವು. ಬೆಳ್ಳಿ ತಗಡಿನ ಎಳೆಯೂ ಅಷ್ಟೇ, ಎರಡು ದಿನಕ್ಕೆ ಕಪ್ಪು. ಅದನ್ನ ಬಿಸಾಕಿ, ಬ್ಲೌಸ್ ತುಂಡಿನಿಂದ ಬಿಚ್ಚಿದ ಇಮಿಟೇಶನ್ ಜರಿ ಸುತ್ತಿದೆ. ಗ್ರೀನ್ ಬಟ್ ಸ್ಕಂಕ್ ಅಂತ ಒಂದು ಸ್ಟೀಲ್‌ಹೆಡ್ ನೊಣ ಇದೆ: ಕೆಂಪು ಬಾಲ, ಹಿಂದೆ ಹಸಿರು ಗುಬಟು, ಕಪ್ಪು ಮೈ, ಬಿಳಿ ರೆಕ್ಕೆ. ಆ ಕಪ್ಪು ಮೈಮೇಲೆ ಜರಿ ಓಡಿದಾಗ ರೇಷ್ಮೆ ಸೀರೆಯ ಅಂಚೇ!

ಕಿಟ್‌ನಲ್ಲಿ ನವಿಲುಗರಿಯ ಎಳೆಯೂ ಇತ್ತು. ಅದರಲ್ಲಿ ಕಟ್ಟಿದ್ದನ್ನ ಮಾತ್ರ ಅಳಿಯನಿಗೆ ಕೊಡಲಿಲ್ಲ. ನವಿಲುಗರಿ ದೇಶದಾಚೆ ಹೋಗೋ ಹಾಗಿಲ್ಲ. ಅವನ ಆಸೆ ಅಲ್ಲಿಗೆ ನಿಲ್ಲಲಿಲ್ಲ, ಬಂಡೀಪುರದ ಕಡೆ ಕಾಡುಕೋಳಿಯ ಕುತ್ತಿಗೆ ಗರಿ ಸಿಗುತ್ತಾ ಅಂದ. ಹಳೇ ಕಾಲದ ಸಾಲ್ಮನ್ ನೊಣಗಳಿಗೆ ಅದೇ ಶೃಂಗಾರವಂತೆ. 1972ರ ವನ್ಯಜೀವಿ ಕಾಯ್ದೆ ಗೊತ್ತಾ, ನನ್ನ ಅಂಗಡಿ ಮುಚ್ಚಿಸ್ತೀಯಾ ಅಂತ ಬೈದೆ. ನಾಟಿ ಕೋಳಿ ಗರಿಯದ್ದನ್ನೂ ವಿಮಾನ ಹತ್ತಿಸೋ ರಗಳೆ ಬೇಡ ಅಂತ ಕಿಟ್‌ನ ಸಾಮಾನಲ್ಲೇ, ಜರಿ ಒಂದು ಬಿಟ್ಟು, ಆರು ಕಟ್ಟಿಕೊಟ್ಟೆ. ಅಲ್ಲಿ ತುದಿಯ ಹತ್ರ ಹಿಂದಕ್ಕೆ ಚಾಚಿದ ಮುಳ್ಳಿಲ್ಲದ ಕೊಕ್ಕೆಯೇ ಆಗಬೇಕಂತೆ, ಕಿಟ್‌ನವಕ್ಕೆಲ್ಲ ಮುಳ್ಳು. ಇಕ್ಕಳದಲ್ಲಿ ಅಮುಕಿ ಚಪ್ಪಟೆ ಮಾಡುವಾಗ ಎರಡು ಕೊಕ್ಕೆ ಮುರಿದೇಹೋದವು.

ನಾಟಿ ಗರಿಯವನ್ನ ಮದ್ದೂರಿನ ಹತ್ರ ಭಾವನ ಕೃಷಿ ಹೊಂಡದಲ್ಲಿ ಪರೀಕ್ಷೆ ಮಾಡಿದೆ. ಫ್ಲೈ ರಾಡ್ ಎಲ್ಲಿಂದ ಬರಬೇಕು? ಉದ್ದ ಬಿದಿರಿನ ಗಳ ಹಿಡಿದು, ಏರಿ ಮೇಲೆ ಕೂತು, ನೊಣ ನೀರಿಗೆ ಮುಟ್ಟಿಯೂ ಮುಟ್ಟದ ಹಾಗೆ ಆಡಿಸಿದೆ. ಮೂರು ಜಿಲೇಬಿ ಮೀನು ಬಿದ್ದವು, ಅಂಗೈಯಗಲ. ಭಾವ ಪಕ್ಕದಲ್ಲೇ ರಾಗಿ ಉಂಡೆ ಹಾಕಿ ಎಂಟು ಹಿಡಿದ. ಆ ವಿಷಯ ಹೆಚ್ಚು ಬೆಳೆಸೋದು ಬೇಡ.

ಅಮೆರಿಕದ ವರದಿ ಆಗಸ್ಟ್ ಕೊನೆಗೆ ಬಂತು. ಎರಡು ನೊಣ ಬಂಡೆಗೆ ಸಿಕ್ಕಿ ಹೋಗಿವೆ. ಮೂರನೆಯದಕ್ಕೆ 13 ಇಂಚಿನ ಟ್ರೌಟ್ ಬಿತ್ತು, ಫೋಟೋ ತೆಗೆದು ಬಿಟ್ಟುಬಿಟ್ಟನಂತೆ. ಸ್ಟೀಲ್‌ಹೆಡ್ ಇಲ್ಲ. ಅದನ್ನ ಸಾವಿರ ಎಸೆತದ ಮೀನು ಅಂತಲೇ ಕರೀತಾರಂತೆ, ಹಾಗಾಗಿ ನನ್ನ ತಪ್ಪಲ್ಲ. ಜರಿ ಜಪ್ಪಯ್ಯ ಅಂದ್ರೂ ಬಿಚ್ಚಿಲ್ಲ. ಬಿಳಿ ರೆಕ್ಕೆ ಮಾತ್ರ ಕಳಚಿದೆ. ಕಿಟ್‌ನ ಅಂಟು ಶೀಶೆಯಲ್ಲೇ ಅರ್ಧ ಗಟ್ಟಿಯಾಗಿತ್ತು. ತಗೊಳ್ಳೋರು ಅದನ್ನ ಮುಟ್ಟದೆ, ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿ. ಐದಕ್ಕೆ ಎರಡೂವರೆ ಕೊಡ್ತೀನಿ, ಅದರಲ್ಲಿ ಎರಡು ಆ ಗಂಟಿನ ತಂತಿಗೇ.

ಇನ್ನೊಂದು ಡಜನ್ ಕಟ್ಟಿಡು ಮಾವ ಅಂದಿದ್ದಾನೆ. ಗೌರಿ ಹಬ್ಬದ ಬ್ಲೌಸುಗಳು ಮುಗೀಲಿ ಅಂದಿದ್ದೀನಿ.