ಬೀದಿನಾಟಕವೋ, ರೇಡಿಯೊವೋ, ವಾಟ್ಸಾಪ್ ವಿಡಿಯೊವೋ?

ಜನವರಿಯ ರಸ್ತೆ ಸುರಕ್ಷತಾ ಮಾಸಕ್ಕೆ ಸಂಘದಿಂದ ಹೆಲ್ಮೆಟ್ ಪ್ರಚಾರ ಮಾಡಬೇಕು, ದುಡ್ಡು ಕಮ್ಮಿ, ಯಾವುದು ಒಳ್ಳೇದು ಅಂತ ಕೇಳಿದ್ದೀರಿ.

ಖರ್ಚಿನಲ್ಲಿ ವಾಟ್ಸಾಪ್ ವಿಡಿಯೊ ಎಲ್ಲಕ್ಕಿಂತ ಅಗ್ಗ, ಫೋನ್ ಇದ್ದರೆ ಸಾಕು. ನಾಟಕಕ್ಕೆ ತಮಟೆ, ಊಟ, ಓಡಾಟದ ಖರ್ಚು. ರೇಡಿಯೊ ಜಾಹೀರಾತು ದುಬಾರಿ, ಒಂದೇ ಸಲ ಬಂದರೆ ಸಾಲದು.

ಮನಸ್ಸಿಗೆ ತಟ್ಟುವುದರಲ್ಲಿ ಮಾತ್ರ ನಾಟಕವೇ ಮುಂದು. ಒಮ್ಮೆ ಸಂತೆಯಲ್ಲಿ ನೋಡಿದ್ದೆ. ಕನ್ನಡಿಗೆ ನೇತುಹಾಕಿದ್ದ ಹೆಲ್ಮೆಟ್ಟನ್ನು ಹುಡುಗ ಪೊಲೀಸರನ್ನು ಕಂಡೊಡನೆ ತಲೆಗೆ ಸಿಕ್ಕಿಸಿಕೊಂಡ, ಸ್ಟ್ರ್ಯಾಪ್ ಹಾಕಲಿಲ್ಲ. ಜನ ನಕ್ಕರು. ಅವನು ಬಿದ್ದಾಗ ಹೆಲ್ಮೆಟ್ ಉರುಳುತ್ತಾ ಸೊಪ್ಪು ಮಾರುವ ಅಜ್ಜಿಯ ಕಾಲ ಬಳಿ ನಿಂತಿತು. ಅಜ್ಜಿ ಅದನ್ನು ಎತ್ತಿಕೊಂಡು, 'ಕಟ್ಟಿಕೋಬಾರದಿತ್ತಾ ಮಗಾ' ಅಂದರು. ಎಲ್ಲರೂ ಸುಮ್ಮನಾದರು. ಇದು ವಿಡಿಯೊದಲ್ಲಿ ಸಿಗಲ್ಲ, ಅಲ್ವಾ? ಆದರೆ ನೋಡಿದವರು ನೂರಿನ್ನೂರು ಜನ ಅಷ್ಟೇ.

ಲಾರಿ, ಆಟೊ ಓಡಿಸುವವರನ್ನು ರಸ್ತೆಯಲ್ಲೇ ಮುಟ್ಟಬೇಕೆಂದರೆ ರೇಡಿಯೊ. ಅದರಲ್ಲಿ ಒಂದೇ ಮಾತು ಹೇಳಿ: ಕರ್ನಾಟಕದಲ್ಲಿ 2016ರಿಂದ ಬೈಕಿನ ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯ.

ವಿವರ ಜಾಸ್ತಿ ಇದ್ದರೆ ವಿಡಿಯೊ ಆರಿಸಿ, ಜನ ಮತ್ತೆ ಮತ್ತೆ ನೋಡಬಹುದು. ಉದಾಹರಣೆಗೆ, ಅಪಘಾತದ ಗಾಯಾಳುವಿಗೆ ನೆರವಾದವರನ್ನು ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 134ಎ ಕಲಂ ಕಾಪಾಡುತ್ತದೆ. ಕೇಸಿನ ಭಯಕ್ಕೆ ಈಗಲೂ ಜನ ದೂರ ನಿಲ್ಲುತ್ತಾರೆ. ಇದನ್ನು ನಿಧಾನವಾಗಿ ಬಿಡಿಸಿ ಹೇಳಬೇಕು. ರಕ್ತದ ದೃಶ್ಯ ಬೇಡ, ನೋಡಿದವರು ಪಕ್ಕಕ್ಕೆ ಸರಿಸಿಬಿಡುತ್ತಾರೆ.

ನಿಮ್ಮದು ಒಂದೇ ಊರಾದರೆ ಸಂತೆ ದಿನ ನಾಟಕ ಇಡಿ, ಹತ್ತಾರು ಹಳ್ಳಿಯಾದರೆ ವಿಡಿಯೊ.