40 ಡಿಗ್ರಿಯ ಊರಿಗೆ ಎರಡೂವರೆ ಸಾವಿರದ ರೂಟರ್

ಫೈಬರ್ ಇಂಟರ್ನೆಟ್ ಸಂಪರ್ಕದ ಜೊತೆಗೆ ಕಂಪನಿಯವರು ಕೊಡುವ ಬಿಳಿ ಪೆಟ್ಟಿಗೆಯೇ ಸಾಕೇ, ಇಲ್ಲವೇ ಬೇರೊಂದು ರೂಟರ್ ಕೊಳ್ಳಬೇಕೇ ಎಂದು ಯಾರನ್ನು ಕೇಳಿದರೂ ಮಾತು ವೇಗದ ಸುತ್ತಲೇ ತಿರುಗುತ್ತದೆ. ವಿಜಯಪುರದಲ್ಲಿ ವಾಸಿಸುವವರು ಮೊದಲು ವಿಚಾರಿಸಬೇಕಾದದ್ದು ಕಾವಿನ ಬಗ್ಗೆ. ಮನೆಬಳಕೆಯ ರೂಟರುಗಳ ವಿವರಪಟ್ಟಿಯ ತಳದಲ್ಲಿ, ಸೊನ್ನೆಯಿಂದ 40 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣಾಂಶದಲ್ಲಿ ಬಳಸಬೇಕು ಎಂಬ ಸಾಲೊಂದು ಸಾಮಾನ್ಯವಾಗಿ ಇರುತ್ತದೆ. ಏಪ್ರಿಲ್, ಮೇ ತಿಂಗಳ ನಮ್ಮ ಮಧ್ಯಾಹ್ನಗಳು ಆ ಗೆರೆಯನ್ನು ನೆರಳಿನಲ್ಲಿಯೇ ದಾಟುತ್ತವೆ. ತಗಡಿನ ಚಾವಣಿಯ ಕೋಣೆಯೊಳಗಿನ ಪಾಡನ್ನಂತೂ ಹೇಳುವುದೇ ಬೇಡ.

ಜೋರಾಪುರ ಪೇಟೆಯಲ್ಲಿರುವ ನಮ್ಮ ಮನೆಯ ಕೆಳಭಾಗ ಹಳೆಯದು, ಕರಿಗಲ್ಲಿನ ದಪ್ಪ ಗೋಡೆಗಳದ್ದು. ಮೇಲೆ ಈಚೆಗೆ ಕಟ್ಟಿಸಿದ ತಗಡಿನ ಕೋಣೆಯಿದೆ. ಕಂಬದಿಂದ ಬಂದ ಫೈಬರ್ ಎಳೆ ಮೇಲಿನ ಕೋಣೆಯ ಕಿಟಕಿಯಿಂದ ಒಳಗೆ ಬಂದಿತು. ಬಂದ ಜಾಗದಲ್ಲಿಯೇ ಪೆಟ್ಟಿಗೆಯೂ ಗೋಡೆಗೇರಿತು. ಬೆಳಗಿನ ಹೊತ್ತು ಅದರ ಮೇಲೆ ದೂರು ಹೇಳುವಂತಿರಲಿಲ್ಲ. ಆದರೆ ಬೇಸಿಗೆಯಲ್ಲಿ ಮಧ್ಯಾಹ್ನ ಎರಡು ಗಂಟೆ ದಾಟಿತೆಂದರೆ ದೀಪಗಳೆಲ್ಲ ಹಸಿರಾಗಿಯೇ ಇದ್ದು, ವೈಫೈ ಮಾತ್ರ ಮಾಯವಾಗುತ್ತಿತ್ತು. ನಾನು ಒಣದ್ರಾಕ್ಷಿ ವ್ಯಾಪಾರಸ್ಥರ ತೆರಿಗೆ ಲೆಕ್ಕ ಬರೆಯುವವನು. ಮಾಸಿಕ ಜಿಎಸ್‌ಟಿಆರ್-3ಬಿ ಎಂಬ ತೆರಿಗೆ ವಿವರಪಟ್ಟಿ ಸಲ್ಲಿಸಲು 20ನೆಯ ತಾರೀಖು ಕೊನೆಯ ದಿನ. ಆ ಮಧ್ಯಾಹ್ನ ಸಂಪರ್ಕ ಹೋದರೆ ಒಬ್ಬೊಬ್ಬ ವ್ಯಾಪಾರಿಗೆ ದಿನಕ್ಕೆ 50 ರೂಪಾಯಿಯಂತೆ ವಿಳಂಬ ಶುಲ್ಕ ಬೀಳುತ್ತದೆ, ಬೈಗುಳ ನನ್ನ ಪಾಲಿಗೆ ಬರುತ್ತದೆ.

ದೂರು ಕೊಟ್ಟರೆ ತಂತ್ರಜ್ಞ ಬರುತ್ತಿದ್ದುದು ಸಂಜೆಯ ತಂಪಿನಲ್ಲಿ. ಆಗ ಎಲ್ಲವೂ ಸರಿಯಾಗಿಯೇ ಇರುತ್ತಿತ್ತು. ಆತ ಫೈಬರಿನ ತುದಿಯನ್ನು ಕಳಚಿ, ಒರೆಸಿ, ಮತ್ತೆ ಸಿಕ್ಕಿಸಿ, ಲೈನ್ ಚೊಕ್ಕ ಇದೆ ಎಂದು ಹೇಳಿ ಹೋಗುತ್ತಿದ್ದ. ಅವನ ಮಾತು ಸುಳ್ಳಾಗಿರಲಿಲ್ಲ. ಎಳೆಯಲ್ಲಿ ಬೆಳಕು ಬಾರದಿದ್ದರೆ ಪೆಟ್ಟಿಗೆಯ ಎಲ್‌ಒಎಸ್ ದೀಪ ಕೆಂಪಾಗಬೇಕು. ನಮ್ಮಲ್ಲಿ ಅದು ಕೆಂಪಾದದ್ದೇ ಇಲ್ಲ. ಬ್ರೌಸರಿನಲ್ಲಿ ತೆರೆಯುವ ಪೆಟ್ಟಿಗೆಯ ಸೆಟ್ಟಿಂಗ್ ಪುಟದಲ್ಲಿ ಕಾಣುವ ಬೆಳಕಿನ ಶಕ್ತಿ ಬೆಳಿಗ್ಗೆಯೂ ಮಧ್ಯಾಹ್ನವೂ ಮೈನಸ್ 21 ಡಿಬಿಎಂ ಆಸುಪಾಸಿನಲ್ಲಿಯೇ ಇರುತ್ತಿತ್ತು. ಮೈನಸ್ ಅಂಕಿ ದೊಡ್ಡದಾದಷ್ಟೂ ಬೆಳಕು ಕ್ಷೀಣ, ಮೈನಸ್ 27ರವರೆಗೂ ಇಂತಹ ಸಂಪರ್ಕ ನಡೆಯುತ್ತದೆ. ಫೈಬರ್ ನಿರ್ದೋಷಿ ಎಂದ ಮೇಲೆ ಉಳಿಯುವುದು ಕೈಯಿಟ್ಟರೆ ಚುರುಕ್ ಎನ್ನುತ್ತಿದ್ದ ಆ ಪೆಟ್ಟಿಗೆಯೊಂದೇ.

ಹೀಗಾಗಿ ಆ ಬೇಸಿಗೆಯುದ್ದಕ್ಕೂ ಅದಕ್ಕೆ ಉಪಚಾರ ನಡೆಯಿತು. ಗೋಡೆಯಿಂದ ಇಳಿಸಿ, ತಳದ ಗಾಳಿಕಿಂಡಿಗಳು ಮುಚ್ಚದಂತೆ ನಾಲ್ಕು ಮೂಲೆಗೆ ನಾಲ್ಕು ಬಾಟಲಿ ಮುಚ್ಚಳಗಳನ್ನಿಟ್ಟು, ಮೇಜಿನ ಮೇಲೆ ಕೂರಿಸಿದೆ. ಬೆಳಗಿನ ಚಹಾ ಮುಗಿದೊಡನೆ, ಬಣ್ಣ ಹಚ್ಚಿ ಉಳಿದಿದ್ದ ಒಂದಂಗುಲದ ಬ್ರಷ್ಷಿನಿಂದ ಕಿಂಡಿಗಳ ದೂಳು ತೆಗೆಯುತ್ತಿದ್ದೆ. ನಮ್ಮ ಎರೆಮಣ್ಣಿನ ದೂಳು ಹಿಟ್ಟಿಗಿಂತ ನುಣುಪು, ಒಂದು ದಿನ ಬಿಟ್ಟರೆ ಪದರಗಟ್ಟುತ್ತದೆ. ಊಟಕ್ಕೆ ಏಳುವ ಮೊದಲು ಟೇಬಲ್ ಫ್ಯಾನನ್ನು ನನ್ನ ಕಡೆಯಿಂದ ಅದರ ಕಡೆಗೆ ತಿರುಗಿಸುತ್ತಿದ್ದೆ. ಮನೆಯವರು ಇದನ್ನು ನೋಡಿ ನಗುತ್ತಿದ್ದರು. ಫ್ಯಾನ್ ತಿರುಗಿಸಿದ ದಿನ ವೈಫೈ ಉಳಿಯುತ್ತಿತ್ತು, ಮರೆತ ದಿನ ಹೋಗುತ್ತಿತ್ತು. ನನಗೆ ಅಷ್ಟು ಸಾಕ್ಷಿ ಸಾಕಾಯಿತು.

ಕೊನೆಗೆ ಕೊಂಡದ್ದು ಟಿಪಿ-ಲಿಂಕ್ ಕಂಪನಿಯ ಆರ್ಚರ್ ಸಿ6. ಅದರ ರಟ್ಟಿನ ಡಬ್ಬಿಯ ಮೇಲಿನ ಎಸಿ1200 ಎಂಬ ಸಂಖ್ಯೆಯನ್ನು ನೋಡಿ ಆರಿಸಿದ್ದಲ್ಲ. ಅದು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗಪಟ್ಟಿಗಳ ಕಾಗದದ ವೇಗವನ್ನು, ಅಂದರೆ 300 ಮತ್ತು 867ನ್ನು, ಕೂಡಿಸಿ ದುಂಡಾಗಿಸಿದ ಲೆಕ್ಕ. ಯಾವ ಮೊಬೈಲಿಗೂ ಆ ವೇಗ ಸಿಗುವುದಿಲ್ಲ. ನೋಡಬೇಕಾದದ್ದು ಹಿಂಬದಿಯ ಪೋರ್ಟುಗಳನ್ನು. ಅದೇ ಕಂಪನಿಯ ಆರ್ಚರ್ ಸಿ50 ಕೂಡ ಎಸಿ1200 ವರ್ಗದ್ದೇ, ಬೆಲೆಯೂ ಕಡಿಮೆ. ಆದರೆ ಅದರ ಪೋರ್ಟುಗಳು 100 ಎಂಬಿಪಿಎಸ್‌ನವು. ಅಂತಹ ಪೋರ್ಟಿನಿಂದ ಕೈಗೆ ಸಿಗುವುದು ಹೆಚ್ಚೆಂದರೆ 95. ಇಂದು 60ರ ಯೋಜನೆಯಲ್ಲಿರುವವರು ನಾಳೆ 150ಕ್ಕೆ ಏರಿದರೆ ಹೆಚ್ಚುವರಿ ಹಣವೆಲ್ಲ ಆ ಕಿರಿದಾದ ಬಾಗಿಲಿನಾಚೆಯೇ ನಿಲ್ಲುತ್ತದೆ. ಸಿ6ರಲ್ಲಿ ಗಿಗಾಬಿಟ್, ಅಂದರೆ 1000 ಎಂಬಿಪಿಎಸ್‌ನ, ಪೋರ್ಟುಗಳಿವೆ. ಹೊಸ ಪೀಳಿಗೆಯ ವೈಫೈ 6 ಇರುವ ರೂಟರುಗಳನ್ನೂ ನೋಡಿದೆ. ನಮ್ಮ ಮನೆಯ ಮೊಬೈಲುಗಳಲ್ಲಿ ಹೆಚ್ಚಿನವು ಅದನ್ನು ಅರಿಯದವು, ನನ್ನ ಮಿತಿಯೂ ಎರಡೂವರೆ ಸಾವಿರ ರೂಪಾಯಿ.

ರೂಟರ್ ತಂದ ಮೇಲೆ ಹಳೆಯ ಪೆಟ್ಟಿಗೆಯ ಕೆಲಸವನ್ನು ಹಗುರಗೊಳಿಸಬೇಕಾಯಿತು. ತಂತ್ರಜ್ಞರು ಗೋಡೆಯ ಬಳಿ ಸುತ್ತಿಟ್ಟಿದ್ದ ಹೆಚ್ಚುವರಿ ಎಳೆಯನ್ನು ಬಿಚ್ಚಿಸಿ, ಮಡಿಕೆ ಬೀಳದಂತೆ ತರಿಸಿ, ಪೆಟ್ಟಿಗೆಯನ್ನು ತಗಡಿನ ಕೋಣೆಯಿಂದ ಮೆಟ್ಟಿಲಿನ ತಿರುವಿಗೆ ಇಳಿಸಿದ್ದಾಯಿತು. ಅದನ್ನು, ರೂಟರಿನ ಕೆಲಸ ಬಿಟ್ಟು ಸಂಪರ್ಕವನ್ನು ಹಾಗೆಯೇ ದಾಟಿಸುವ ಬ್ರಿಡ್ಜ್ ಮೋಡಿಗೆ ಬದಲಿಸಿ, ಅದರ ವೈಫೈ ಆಫ್ ಮಾಡಿ, ಕಂಪನಿಯ ಜಾಲಕ್ಕೆ ಲಾಗಿನ್ ಆಗುವ ಪಿಪಿಪಿಒಇ ಹೆಸರನ್ನೂ ಪಾಸ್‌ವರ್ಡನ್ನೂ ಹೊಸ ರೂಟರಿನಲ್ಲಿ ತುಂಬಿದೆವು. ಕೆಲವು ಕಂಪನಿಗಳಲ್ಲಿ, ಒಂದೇ ಎಳೆಯಲ್ಲಿನ ಸೇವೆಗಳನ್ನು ಬೇರ್ಪಡಿಸುವ ವಿಎಲ್‌ಎಎನ್ ಸಂಖ್ಯೆಯೂ ಬೇಕಾಗುವುದರಿಂದ ಅದನ್ನು ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು. ಅಲ್ಲಿಂದ ಕೆಳಗಿನ ಪಡಸಾಲೆಗೆ ಒಂದು ಕ್ಯಾಟ್ 6 ಕೇಬಲ್. ಈ ತಾಮ್ರದ ಕೇಬಲ್ 100 ಮೀಟರುವರೆಗೂ ಗಿಗಾಬಿಟ್ ವೇಗ ಒಯ್ಯುವುದರಿಂದ ಮನೆಯೊಳಗೆ ದೂರದ ಚಿಂತೆಯಿಲ್ಲ. ಬೆಳಕನ್ನು ಬಿಡಿಸುವ ಕೆಲಸವಷ್ಟೇ ಉಳಿದ ಮೇಲೆ ಆ ಪೆಟ್ಟಿಗೆ ಉಗುರುಬೆಚ್ಚಗಿರುತ್ತದೆ, ಮಧ್ಯಾಹ್ನ ಕೈಕೊಡುವುದನ್ನೂ ಬಿಟ್ಟಿದೆ. ಅದರ ಮೇಲಿದ್ದ ನನ್ನ ಸಿಟ್ಟೂ ಬಹುಮಟ್ಟಿಗೆ ಇಳಿದಿದೆ.

ರೂಟರಿಗೆ ಜಾಗ ಹುಡುಕುವುದು ಮಾತ್ರ ಸುಲಭವಾಗಲಿಲ್ಲ. ಮನೆಯಲ್ಲಿ ಅತ್ಯಂತ ತಂಪಾದ ಸ್ಥಳ ಪಡಸಾಲೆಯ ಕಲ್ಲುಗೋಡೆಯ ಗೂಡು. ಹೊರಗೆ ಬಿಸಿಲು ಸುಡುತ್ತಿರುವಾಗಲೂ ಅಲ್ಲಿ ಅಂಗೈಗೆ ತಣ್ಣಗೆನಿಸುತ್ತದೆ. ಆದರೆ ಅಷ್ಟು ತಂಪು ಕೊಡುವ ಕಲ್ಲೇ 5 ಗಿಗಾಹರ್ಟ್ಸ್ ಅಲೆಗಳನ್ನು ನುಂಗುತ್ತದೆ. ಗೂಡಿನಲ್ಲಿಟ್ಟಾಗ ಪಕ್ಕದ ಅಡುಗೆಮನೆಗೂ ಅದು ತಲುಪಲಿಲ್ಲ. ಇದು ಈ ರೂಟರಿನ ದೋಷವಲ್ಲ, ಯಾವುದನ್ನು ತಂದರೂ ಅಲೆಯ ಸ್ವಭಾವ ಅದೇ. ಹಲವು ಕಡೆ ಇಟ್ಟು ನೋಡಿ, ಕೊನೆಗೆ ಪಡಸಾಲೆಯಿಂದ ನಡುಮನೆಗೆ ಹೋಗುವ ಬಾಗಿಲಿನ ಪಕ್ಕದ ಹಲಗೆಯ ಮೇಲೆ ನೆಲೆಗೊಳಿಸಿದೆ. ಬಾಗಿಲು ತೆರೆದಿದ್ದರೆ ಅಲೆಗಳು ಅಲ್ಲಿಂದ ನುಸುಳುತ್ತವೆ, ಗಾಳಿಯೂ ಆಡುತ್ತದೆ. ಈಗ ಎರಡನೆಯ ಬೇಸಿಗೆ. ಮಧ್ಯಾಹ್ನದ ಹೊತ್ತಿನಲ್ಲಿ ಇದು ಒಮ್ಮೆಯೂ ತಡವರಿಸಿಲ್ಲ.

ನಿರೀಕ್ಷಿಸದೆ ಸಿಕ್ಕ ಅನುಕೂಲವೊಂದಿದೆ. ರೂಟರೂ ಹಳೆಯ ಪೆಟ್ಟಿಗೆಯೂ 12 ವೋಲ್ಟಿನವು. ಸಾವಿರ ರೂಪಾಯಿಯ ಆಸುಪಾಸಿಗೆ ದೊರೆಯುವ ಮಿನಿ ಯುಪಿಎಸ್‌ಗಳನ್ನು ಎರಡಕ್ಕೂ ಒಂದೊಂದು ಜೋಡಿಸಿದ್ದೇನೆ. ಕಂಪನಿಯ ಕಚೇರಿಯಿಂದ ಮನೆಯವರೆಗಿನ ಫೈಬರ್ ದಾರಿಯಲ್ಲಿ ಬೆಳಕನ್ನು ಹಂಚುವ ಸ್ಪ್ಲಿಟರುಗಳಿಗೆ ವಿದ್ಯುತ್ತೇ ಬೇಕಿಲ್ಲವಾದ್ದರಿಂದ, ಕಚೇರಿಯಲ್ಲಿ ಬ್ಯಾಟರಿ ಇರುವವರೆಗೆ ಬೀದಿಯಲ್ಲಿ ಕರೆಂಟ್ ಹೋದರೂ ಸಂಪರ್ಕ ಉಳಿಯುತ್ತದೆ. ಫ್ಯಾನ್ ನಿಂತು, ಬೆವರು ಸುರಿಯುತ್ತಿರುವಾಗಲೂ ಲ್ಯಾಪ್‌ಟಾಪಿನಲ್ಲಿ ಚಲನ್ ಇಳಿಯುವುದನ್ನು ನೋಡುವ ಸಮಾಧಾನ ನನ್ನಂತಹವರಿಗೆ ಸಣ್ಣದಲ್ಲ. ಕೊಳ್ಳುವ ಮೊದಲು ಅಡಾಪ್ಟರಿನ ಚೀಟಿಯಲ್ಲಿ ವೋಲ್ಟ್ ಅಷ್ಟೇ ಇದೆಯೇ, ಯುಪಿಎಸ್ ಕೊಡುವ ಆಂಪಿಯರ್ ಅದಕ್ಕಿಂತ ಕಡಿಮೆಯಿಲ್ಲವೇ ಎಂದು ನೋಡಲೇಬೇಕು; 9 ಅಥವಾ 5 ವೋಲ್ಟಿನ ರೂಟರುಗಳೂ ಅಂಗಡಿಯಲ್ಲಿವೆ. ಯುಪಿಎಸ್‌ನೊಳಗಿನ ಲಿಥಿಯಂ ಸೆಲ್ಲುಗಳಿಗೂ ಕಾವು ಆಗದು, ತಗಡಿನ ಕೆಳಗೆ ಇಡಬಾರದು.

ಹಿತ್ತಲ ಕಡೆಯ ತಾಯಿಯವರ ಕೋಣೆಗೆ ಇಂದಿಗೂ 2.4 ಗಿಗಾಹರ್ಟ್ಸ್ ಮಾತ್ರ ಸಿಗುತ್ತದೆ. ಅವರು ನೋಡುವ ಧಾರಾವಾಹಿಗೆ ಅಷ್ಟು ಸಾಕು; ಮೊಮ್ಮಕ್ಕಳು ರಜೆಗೆ ಬಂದಾಗ ಮಾತ್ರ ತಕರಾರು ಏಳುತ್ತದೆ. ಇನ್ನೊಂದು ಕೇಬಲ್ ಎಳೆದು ಅಲ್ಲಿಗೆ ಎರಡನೆಯ ರೂಟರನ್ನು ಆ್ಯಕ್ಸೆಸ್ ಪಾಯಿಂಟ್ ಆಗಿ, ಅಂದರೆ ವೈಫೈ ಹರಡುವುದಕ್ಕಷ್ಟೇ, ಇಡಬಹುದು, ಆದರೆ ಕಲ್ಲುಗೋಡೆ ಕೊರೆಯುವವನು ಕೇಳಿದ ಕೂಲಿ ರೂಟರಿನ ಬೆಲೆಗೆ ಸಮೀಪವಿತ್ತು. ಈ ವರ್ಷಕ್ಕೆ ಅದನ್ನು ಕೈಬಿಟ್ಟಿದ್ದೇನೆ.