ಭಾರತದ ಪಾಸ್‌ಪೋರ್ಟೋ, ಒಸಿಐ ಕಾರ್ಡೋ?

ಅಮೆರಿಕದ ಪೌರತ್ವ ಪಡೆದು ಭಾರತದ್ದನ್ನೂ ಉಳಿಸಿಕೊಳ್ಳಬಹುದೇ? ಆಗದು. 1955ರ ಪೌರತ್ವ ಕಾಯಿದೆ ಎರಡು ದೋಣಿಯಲ್ಲಿ ಕಾಲಿಡಲು ಬಿಡುವುದಿಲ್ಲ. ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರಿಗೆ ಕೊಡುವ ಒಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡ್ ಎಂದರೆ ಜೀವಮಾನದ ವೀಸಾ, ಅಷ್ಟೇ. ಊರಿಗೆ ಬಂದುಹೋಗಲು, ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಳ್ಳಲು ಅದು ಧಾರಾಳವಾಗಿ ಸಾಕು. ತೋಟ, ಗದ್ದೆ ಕೊಳ್ಳುವುದು ಮಾತ್ರ ವಿದೇಶದಲ್ಲಿ ನೆಲೆಸಿರುವ ತನಕ ಭಾರತದ ಪಾಸ್‌ಪೋರ್ಟ್ ಇದ್ದವರಿಗೂ ಇಲ್ಲ, ಒಸಿಐದಾರರಿಗೂ ಇಲ್ಲ. ಪಿತ್ರಾರ್ಜಿತವಾಗಿ ಬಂದರೆ ಅಡ್ಡಿಯಿಲ್ಲ.

ನಿಜವಾದ ವ್ಯತ್ಯಾಸ ಸಂವಿಧಾನದಲ್ಲಿದೆ. 21ನೇ ವಿಧಿಯ ಜೀವದ ಹಕ್ಕು ಎಲ್ಲರಿಗೂ ಉಂಟು. 19ನೇ ವಿಧಿಯ ವಾಕ್ ಸ್ವಾತಂತ್ರ್ಯ ಪ್ರಜೆಗಳಿಗೆ ಮಾತ್ರ. ಒಸಿಐದಾರರು ಮತ ಹಾಕುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ. ಪಾಸ್‌ಪೋರ್ಟ್ ಉಳಿಸಿಕೊಂಡವರು ನಮೂನೆ 6ಎ ತುಂಬಿ ಮತದಾರರ ಪಟ್ಟಿಗೆ ಹೆಸರು ಸೇರಿಸಬಹುದು, ಆದರೆ ಮತಗಟ್ಟೆಗೆ ಖುದ್ದಾಗಿ ಬರಬೇಕು. ಬೆರಳಿನ ಶಾಯಿಗೆ ವಿಮಾನದ ಟಿಕೆಟ್!

ಮರಳಿ ಬಂದು ನೆಲೆಸುವ ಮನಸ್ಸಿದ್ದರೆ ಪಾಸ್‌ಪೋರ್ಟ್ ಬಿಡಬೇಡಿ. ಅಲ್ಲೇ ಬೇರುಬಿಟ್ಟವರಿಗೆ ಒಸಿಐ ಸಾಕು.